ಕ್ರೈಂ ಕಾದಂಬರಿಕಾರರ ಕರಾಳ ಕಥಾಸಂಕಲನ: ಅನುಕ್ರಮ, ಪೊಲೀಸ್ ವಿವರ, ಪುಟದ ಲೆಕ್ಕ

ಸಾಧನಕೇರಿ ಸಂಪಾದಕ:
ಪತ್ತೇದಾರಿ ಕಾದಂಬರಿ ಬರೆಯೋ ಲೇಖಕರೊಬ್ಬರ 14 ಸಣ್ಣಕಥೆ ಅಚ್ಚಿಗೆ ಹೊಂಟಾವ. ಒಟ್ಟು 33,000 ಶಬ್ದ. ಕಥೆ ನಡೆಯೋದು ಹುಬ್ಬಳ್ಳಿ, ಕುಂದಗೋಳ, ಬ್ಯಾಡಗಿ, ಬೆಟಗೇರಿ ಕಡೆ. ಕರಡು ಓದಿದವರದು ಎರಡು ತಕರಾರು. ಆರೇಳು ಕಥೆ ಕಾದಂಬರಿಯ ಕೊನೇ ಅಧ್ಯಾಯದಂಗ ಮುಗೀತಾವ. ಪೊಲೀಸರು, ಪೋಸ್ಟ್‌ಮಾರ್ಟಂ ಎಲ್ಲಾ ಸಿನಿಮಾದಂಗ ಐತಿ. ಉದಾಹರಣೆಗೆ, ಬ್ಯಾಡಗಿ ಕಥೆಯೊಳಗ ಏಪ್ರಿಲ್ ತಿಂಗಳಾಗ ಕೋಲ್ಡ್ ಸ್ಟೋರೇಜಿನ ಮೆಣಸಿನಕಾಯಿ ಚೀಲದ ಮ್ಯಾಲ ಹೆಣ ಮೂರು ದಿನ ಬಿದ್ದಿರ್ತದ. ಬಾಗಲಾ ತೆಗೆದ ಕೂಡಲೇ ಗಬ್ಬುವಾಸನೆ, ಮೈತುಂಬ ಹುಳ. ಇದು ಆಗೂ ಮಾತೇನ್ರಿ? ಕಥೆಗಳನ್ನ ಯಾವ ಕ್ರಮದಾಗ ಇಡಬೇಕು, ಎಷ್ಟು ಪುಟ ಆಗ್ತದ, ಇದನ್ನೂ ಹೇಳ್ರಿ.

ವಿದ್ಯಾಗಿರಿ ಓದುಗ:
ಮೊದಲನೇ ತಕರಾರಿನ ಬೇರು ಇನ್ಸ್‌ಪೆಕ್ಟರ್ ಪಾತ್ರದಲ್ಲಿದೆ. ಸುಳಿವು ಬಿತ್ತಿ, 250 ಪುಟ ಕಾದು, ಕೊನೆಗೆ ಇನ್ಸ್‌ಪೆಕ್ಟರ್ ಬಾಯಿಂದ ಎಲ್ಲ ಬಿಡಿಸಿ ಹೇಳಿಸುವುದು ಕಾದಂಬರಿಕಾರರ ರೂಢಿ. ಹತ್ತು ಪುಟದ ಕಥೆಯಲ್ಲಿ ಅದನ್ನೇ ಮಾಡಿದರೆ ಕೊನೆಯ ಎರಡು ಪುಟ ಬರೀ ವಿವರಣೆಯಾಗುತ್ತದೆ. ಪ್ರತಿ ಕಥೆಯ ಕೊನೇ ಪುಟ ತೆಗೆದಿಟ್ಟು ಹೊಸಬರೊಬ್ಬರಿಗೆ ಓದಿಸಿ. ಯಾರು ಮಾಡಿದರು ಅನ್ನುವುದು ಅವರಿಗೆ ತಿಳಿದರೆ ಆ ಪುಟ ಬೇಡ. ತಿಳಿಯದಿದ್ದರೆ ಕೊನೆಗೆ ಇನ್ನೊಂದು ಪ್ಯಾರಾ ಸೇರಿಸಬೇಡಿ, ಎರಡನೇ ಪುಟಕ್ಕೇ ಹೋಗಿ ಒಂದು ವಸ್ತುವನ್ನೋ ಒಂದು ಮಾತನ್ನೋ ಇಟ್ಟು ಬನ್ನಿ.

ಇಂಥ ಕಥೆಯಲ್ಲಿ ಕೊಂದವರು ಯಾರು ಅನ್ನುವುದಕ್ಕಿಂತ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರು ಯಾರು ಅನ್ನುವುದು ಹೆಚ್ಚು ಕಾಡುತ್ತದೆ. ಅಡತಿ ಅಂಗಡಿಯ ಹಮಾಲ, ಗೋದಾಮಿನ ವಾಚಮನ್, ಮನೆಯ ಸೊಸೆ ಇವರ ಕಣ್ಣಿನಿಂದ ಹೇಳಿಸಿ. ಪೊಲೀಸರು ಬಾಗಿಲ ತನಕ ಬಂದು ಹೋಗಲಿ, ಸಾಕು.

ಅನುಕ್ರಮಕ್ಕೆ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ: ಸಾವಿನ ಬಗೆ, ಹೇಳುವವರು ಯಾರು, ಊರು, ಹಂಗಾಮು, ಮುಗಿಯುವ ರೀತಿ. ಒಂದೇ ಬಗೆಯ ಸಾವು ಅಕ್ಕಪಕ್ಕ ಬರಬಾರದು. ಹೇಳುತ್ತಿದ್ದವನೇ ಕೊಲೆಗಾರ ಅನ್ನುವ ತಿರುವು ಇಡೀ ಪುಸ್ತಕಕ್ಕೆ ಒಂದೇ ಇರಲಿ, ಎರಡನೇ ಸಲ ಓದುಗ ಮೂರನೇ ಪುಟದಲ್ಲೇ ಹಿಡಿಯುತ್ತಾನೆ. ಪೊಲೀಸರೇ ಇಲ್ಲದ ಗಟ್ಟಿ ಕಥೆ ಮೊದಲಿಗೆ ಬರಲಿ, ಈ ಸಲ ಬೇರೆ ಪುಸ್ತಕ ಅಂತ ಹಳೇ ಓದುಗರಿಗೆ ಅಲ್ಲೇ ಗೊತ್ತಾಗುತ್ತದೆ. ಎಲ್ಲಕ್ಕಿಂತ ಉದ್ದದ್ದು ಆರು ಅಥವಾ ಏಳನೆಯದಾಗಲಿ. ಕೊನೆಗಿಟ್ಟರೆ ದಣಿದವರು ಓದದೇ ಬಿಡುತ್ತಾರೆ.

ಪಂಚನಾಮೆ:
ಬ್ಯಾಡಗಿ ಕಥೆ ಆಗೂದಿಲ್ಲ ನೋಡ್ರಿ. ಹೊರಗಿನ ಏಪ್ರಿಲ್ ಬಿಸಿಲಿಗೆ ಹೆಣ ಒಂದೆರಡು ತಾಸಿನಲ್ಲೇ ಸೆಟೆಯತೊಡಗಿ, ಸುಮಾರು ಒಂದು ದಿನದೊಳಗೆ ಮತ್ತೆ ಸಡಿಲಾಗುತ್ತದೆ. ಕೆಳಹೊಟ್ಟೆಯ ಬಲಗಡೆ ಹಸಿರು ಕಲೆ ಅಷ್ಟೊತ್ತಿಗೆ ಮೂಡಿರುತ್ತದೆ. ಕೋಲ್ಡ್ ಸ್ಟೋರೇಜಿನ ತಂಪಿನಲ್ಲಿ ಇದೆಲ್ಲ ನಿಧಾನ. ಸೆಟೆಯುವುದೂ ತಡ, ಬಿಡುವುದೂ ತಡ. ಮೂರು ದಿನಕ್ಕೆ ಹೆಣ ಇನ್ನೂ ಬಿಗಿಯಾಗಿರಬಹುದು, ವಾಸನೆ ಕಮ್ಮಿ, ಅದೂ ಮೆಣಸಿನ ಘಾಟಿನಲ್ಲಿ ಮುಳುಗಿ ಹೋಗುತ್ತದೆ. ನೊಣ ಒಳಗೆ ಹೋಗದಿದ್ದರೆ ಹುಳ ಎಲ್ಲಿಂದ ಬರಬೇಕು? ಹೊರಗೆ ತೆಗೆದ ಮೇಲೆ ಮಾತ್ರ ಕೊಳೆಯುವುದು ಜೋರಾಗುತ್ತದೆ.

ಲೇಖಕರಿಗೆ ಇದರಿಂದ ನಷ್ಟವಿಲ್ಲ, ಲಾಭ ಐತಿ. ಸತ್ತ ಮೇಲೆ ರಕ್ತ ತಳಭಾಗಕ್ಕೆ ಇಳಿದು ಚರ್ಮಕ್ಕೆ ಬಣ್ಣ ಬರುತ್ತದೆ, ತಂಪಿನಲ್ಲಿ ಅದು ಗುಲಾಬಿ ಕಡೆ ವಾಲುತ್ತದೆ. ಒತ್ತಿಕೊಂಡ ಜಾಗ ಮಾತ್ರ ಬಿಳಿಚಿರುತ್ತದೆ, ಅಂದರೆ ಗೋಣಿಚೀಲದ ನೇಯ್ಗೆ ಬೆನ್ನಿನ ಮೇಲೆ ಅಚ್ಚಾಗಿರಬಹುದು. ಬಣ್ಣ ಬೆನ್ನಿಗಿದ್ದು ಹೆಣ ಬೋರಲಾಗಿ ಸಿಕ್ಕರೆ, ಸತ್ತು ಕೆಲವು ತಾಸಾದ ಮೇಲೆ ಯಾರೋ ಮಗುಚಿದ್ದಾರೆ. ಮುಚ್ಚಿದ ಬಾಗಿಲ ಹಿಂದೆ ಮಗುಚಿದವರು ಯಾರು ಅನ್ನುವುದೇ ಕಥೆ ಆಗಬಹುದಲ್ಲ.

ಪೋಸ್ಟ್‌ಮಾರ್ಟಂ ದಿನವೇ ಡಾಕ್ಟರ್ ವಿಷದ ಹೆಸರು ಹೇಳುವ ದೃಶ್ಯ ಇದ್ದರೆ ತೆಗೀರಿ. ಹೊಟ್ಟೆ, ಕರುಳು, ಪಿತ್ತಜನಕಾಂಗ, ಮೂತ್ರಪಿಂಡದ ಭಾಗಗಳನ್ನು ಸಾಮಾನ್ಯವಾಗಿ ಉಪ್ಪಿನ ಗಾಢ ದ್ರಾವಣದಲ್ಲಿಟ್ಟು ಸೀಲು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸುತ್ತಾರೆ. ವರದಿ ಬರುವ ತನಕ ಅಭಿಪ್ರಾಯ ಕಾಯ್ದಿರಿಸುತ್ತಾರೆ.

ಪೊಲೀಸ್ ಹುದ್ದೆ: ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಕಮಿಷನರ್, ಎಸಿಪಿ. ಕುಂದಗೋಳ ಧಾರವಾಡ ಜಿಲ್ಲಾ ಎಸ್‌ಪಿಗೆ, ಬ್ಯಾಡಗಿ ಹಾವೇರಿ ಎಸ್‌ಪಿಗೆ ಸೇರಿದ್ದು. ಅಲ್ಲಿ ಬರುವವರು ಡಿವೈಎಸ್‌ಪಿ. ಕಲಂ: ಕೊಲೆ ನಡೆದದ್ದು 2024ರ ಜುಲೈ 1ಕ್ಕೆ ಮುಂಚೆ ಆದರೆ ಐಪಿಸಿ 302, ಆಮೇಲೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103. ಕೃತ್ಯದ ದಿನ ನೋಡಬೇಕು, ಹೆಣ ಸಿಕ್ಕ ದಿನವಲ್ಲ. ಕೊಲೆ ಅಂತ ಗೊತ್ತಾಗದ ಸಾವಿಗೆ ಮೊದಲು ಆಗುವುದು ಯುಡಿಆರ್ (ಅಸಹಜ ಸಾವಿನ ವರದಿ), ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194ರ ಅಡಿ. ಎಫ್‌ಐಆರ್ ಆಗದೇ ಯುಡಿಆರ್‌ನಲ್ಲೇ ಮುಚ್ಚಿಹೋದ ಸಾವು, ನನ್ನ ಕೇಳಿದರೆ, ಇಂಥ ಸಂಕಲನಕ್ಕೆ ಹೇಳಿ ಮಾಡಿಸಿದ ವಸ್ತು.

ಬೆಟಗೇರಿ ಡಿಟಿಪಿ:
ಡೆಮಿ 1/8 ಅಳತೆ, ಪುಟಕ್ಕೆ 230 ಶಬ್ದ ಹಿಡಿದರೆ 143 ಪುಟ. ಪ್ರತಿ ಕಥೆ ಹೊಸ ಪುಟದಿಂದ ಶುರುವಾದರೆ ಸರಾಸರಿ ಅರ್ಧ ಪುಟ ಖಾಲಿ, ಒಟ್ಟು 7. ಶೀರ್ಷಿಕೆ, ಪರಿವಿಡಿ, ಮುನ್ನುಡಿ ಮಾತು ಸೇರಿ 8. ಒಟ್ಟು 158. ಫಾರ್ಮ್ ಅಂದರೆ ಒಟ್ಟಿಗೆ ಅಚ್ಚಾಗುವ ಹಾಳೆ, 16 ಪುಟದ್ದು, 160ಕ್ಕೆ ಹತ್ತು ಫಾರ್ಮ್ ಸರಿಹೋಗುತ್ತದೆ. ಮುನ್ನುಡಿ ಇನ್ನೂ ಐದು ಪುಟ ಬೆಳೆದರೆ ಹನ್ನೊಂದನೇ ಫಾರ್ಮಿಗೆ ಹೋಗುತ್ತದೆ, ಮುನ್ನುಡಿಕಾರರಿಗೆ ಮೊದಲೇ ಹೇಳಿಬಿಡ್ರಿ. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೊ ಸಾಕು.

ಹಳೇ ‘ನುಡಿ’ ತಂತ್ರಾಂಶದ ಫೈಲನ್ನು ಯುನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತು (‘ರ್’ ತೋರಿಸುವ ಗುರುತು) ಸ್ಥಳ ತಪ್ಪಬಹುದು. ಕಣ್ಣಿಗೆ ಕಾಣದ ಬಿಡಿಸುವ ಅಕ್ಷರ ಬಿದ್ದುಹೋದರೆ ‘ಇನ್ಸ್‌ಪೆಕ್ಟರ್’ ಹೋಗಿ ‘ಇನ್ಸ್ಪೆಕ್ಟರ್’ ಆಗುತ್ತದೆ. ಕ್ರೈಂ ಪುಸ್ತಕದಲ್ಲಿ ಇಂಥ ಪದ ಬಹಳ, ಒಂದೊಂದಾಗಿ ಹುಡುಕಿ ಬದಲಿಸ್ರಿ. ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಹಾಕದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿ.

ಸಾಧನಕೇರಿ ಸಂಪಾದಕ:
ಕುಂದಗೋಳದ ಕಥೆಯೊಳಗ ಮದುವಿ ಆಗಿ ನಾಕು ವರ್ಷದ ಸೊಸಿ ಬಾವಿಗೆ ಬಿದ್ದು ಸಾಯ್ತಾಳ. ಪಿಎಸ್ಐ ಒಬ್ಬರೇ ಬಂದು ಪಂಚನಾಮೆ ಬರಕೊಂಡು ಹೋಗ್ತಾರ. ನಡೀತದೇನ್ರಿ?

ಪಂಚನಾಮೆ:
ಇಲ್ರಿ. ಮದುವೆಯಾಗಿ ಏಳು ವರ್ಷದೊಳಗಿನ ಹೆಂಗಸಿನ ಇಂಥ ಸಾವಾದರೆ ತಾಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರು ಬರುತ್ತಾರೆ, ತವರಿನವರ ಹೇಳಿಕೆ ತಗೋತಾರೆ. ಪಿಎಸ್ಐ ಒಬ್ಬರಿಂದಲೇ ಮುಗಿಸಬೇಕಂದರೆ ಮದುವೆಯ ವರ್ಷ ಎಂಟು ಮಾಡ್ರಿ. ಇಲ್ಲಾ, ತಹಶೀಲ್ದಾರರ ಮುಂದೆ ತವರಿನವರು ಏನೂ ಹೇಳದೇ ಸಹಿ ಹಾಕುವ ಹಂಗ ಬರೀರಿ.