ಎನ್-1 ಮೊದಲ ಹಾರಾಟದ ಮಾದರಿ: ಮೇಲೇಳುತ್ತಲೇ ವಾಲುತ್ತಿದೆ, ಸಹಾಯ ಬೇಕು

ತಾರಾಪಥಿಕ:
ತಲೆ ಕೆಟ್ಟುಹೋಗಿದೆ. ಸೋವಿಯತ್ ಚಂದ್ರ ರಾಕೆಟ್ ಎನ್-1ರ ಮೊದಲ ಹಾರಾಟವನ್ನು (ಬೈಕನೂರು, 1969ರ ಫೆಬ್ರುವರಿ 21) ಕಂಪ್ಯೂಟರಿನಲ್ಲಿ ಮರುಸೃಷ್ಟಿಸುತ್ತಿದ್ದೇನೆ. ಅಂದು ಆದಂತೆಯೇ ಮೊದಲ ಹಂತದ 30 ಎಂಜಿನ್‌ಗಳಲ್ಲಿ 12 ಮತ್ತು 24ನೆಯದನ್ನು ಉರಿಯದಂತೆ ಆರಿಸಿದ್ದೇನೆ. ನಿಜವಾದ ರಾಕೆಟ್ ಉಳಿದ 28ರ ಬಲದಲ್ಲೇ 69ನೇ ಸೆಕೆಂಡಿನ ಹತ್ತಿರದವರೆಗೆ ಏರಿತ್ತು. ನನ್ನದು ಗೋಪುರ ದಾಟುವಷ್ಟರಲ್ಲಿ ಮಗುಚುತ್ತದೆ. ಉಳಿದದ್ದೆಲ್ಲ ಸರಿಯಾಗಿದೆ.

ಕಕ್ಷಾಮಿತ್ರ:
ಇದು ಕೋರ್ಡ್‌ನ ಕೆಲಸ, ಸಂಶಯವೇ ಬೇಡ. ಒಂದು ಎಂಜಿನ್ ಕೆಟ್ಟರೆ ಎದುರಿನದನ್ನೂ ಆರಿಸಿ ಸಮತೋಲ ಕಾಯುವ ವ್ಯವಸ್ಥೆ ಅದು. ಅಂದು ಸುಳ್ಳು ಸಂಕೇತ ನಂಬಿ 12ನ್ನು ಆರಿಸಿತು, ಹಿಂದೆಯೇ 24ನ್ನು. ನಿಮ್ಮಲ್ಲಿ ಇನ್ನಷ್ಟನ್ನು ಆರಿಸುತ್ತಿರಬೇಕು.

ತಾರಾಪಥಿಕ:
ಕೋರ್ಡ್ ಬರೆದೇ ಇಲ್ಲ. ಎರಡನ್ನೂ ನಾನೇ ಆರಿಸಿದ್ದೇನೆ.

ಕಕ್ಷಾಮಿತ್ರ:
ಆದರೂ ಅದನ್ನೇ ನೋಡಿ. ಅದೇ ವರ್ಷದ ಜುಲೈ 3ರಂದು ಎರಡನೇ ಎನ್-1 ಉಡಾವಣಾ ಕಟ್ಟೆಯ ಮೇಲೆಯೇ ಬಿದ್ದದ್ದು, ಕೋರ್ಡ್ ಒಂದನ್ನುಳಿದು ಎಲ್ಲ ಎಂಜಿನ್‌ಗಳನ್ನೂ ಆರಿಸಿದ್ದರಿಂದ.

ಹಳೆಗಗನ:
ಅದಕ್ಕೆ ಮೂಲ 8ನೇ ಎಂಜಿನ್ನಿನ ಆಮ್ಲಜನಕ ಪಂಪ್ ಸಿಡಿದದ್ದು. ಎಲ್ಲವನ್ನೂ ಕೋರ್ಡ್ ತಲೆಗೆ ಕಟ್ಟಬೇಡಿ. 30 ಎಂಜಿನ್‌ಗಳ ಮೊದಲ ಹಂತವನ್ನು ನೆಲದ ಮೇಲೆ ಒಟ್ಟಿಗೆ ಉರಿಸಿ ನೋಡಲೇ ಇಲ್ಲ. ಅದರಲ್ಲಿದ್ದ ಎನ್‌ಕೆ-15 ಎಂಜಿನ್ನಿನ ಕೆಲವು ಕವಾಟಗಳು ಒಮ್ಮೆ ಮಾತ್ರ ಕೆಲಸ ಮಾಡುವಂಥವು, ಹಾಗಾಗಿ ಪರೀಕ್ಷಿಸಿದ ಎಂಜಿನ್ ಹಾರಲಿಲ್ಲ, ಹಾರಿದ್ದನ್ನು ಪರೀಕ್ಷಿಸಿರಲಿಲ್ಲ. ರಾಕೆಟ್ ವಿನ್ಯಾಸಕ ಕೊರೊಲ್ಯೋವ್ ಮತ್ತು ಎಂಜಿನ್ ವಿನ್ಯಾಸಕ ಗ್ಲುಷ್ಕೊ ಇಂಧನದ ವಿಷಯದಲ್ಲಿ ಮುನಿಸಿಕೊಳ್ಳದಿದ್ದರೆ ಕಥೆಯೇ ಬೇರೆ.

ಕಕ್ಷಾಮಿತ್ರ:
ಗ್ಲುಷ್ಕೊ ಬಯಸಿದ ವಿಷಕಾರಿ ಇಂಧನವೇ ಬೇಕಿತ್ತೆನ್ನುತ್ತೀರಾ? ಒಪ್ಪುವುದಿಲ್ಲ. ಕೊರೊಲ್ಯೋವ್ ಹಿಡಿದದ್ದೇ ಸರಿಯಾದ ಹಟ.

ಶೂನ್ಯಗುರುತ್ವ:
ತಾರಾಪಥಿಕ ಅವರೇ, ಎಂಜಿನ್ ಆರಿಸುವ ಸಾಲುಗಳನ್ನು ಇದ್ದಂತೆಯೇ ಹಾಕಿ.

ತಾರಾಪಥಿಕ:
ಎಂಜಿನ್[12] = 0
ಎಂಜಿನ್[24] = 0
ಇದರಲ್ಲಿ ಏನು ತಪ್ಪಿರಲು ಸಾಧ್ಯ?

ಶೂನ್ಯಗುರುತ್ವ:
ನಿಮ್ಮ ಪಟ್ಟಿಯ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿದ್ದರೆ ಆರುತ್ತಿರುವುದು 13 ಮತ್ತು 25. ಹೊರಸುತ್ತಿನಲ್ಲಿರುವುದು 24 ಎಂಜಿನ್, 25ನೆಯದು ಒಳಗಿನ ಆರರಲ್ಲಿ ಒಂದು. ಎರಡೂ ಕೇಂದ್ರದಿಂದ ಒಂದೇ ದೂರದಲ್ಲಿಲ್ಲ, ಸಮತೋಲ ಕೂಡುವುದೇ ಇಲ್ಲ. 11 ಮತ್ತು 23 ಹಾಕಿ ನೋಡಿ. ಹೊರಸುತ್ತಿನ ನೂಕುಬಲವನ್ನು ಹೆಚ್ಚುಕಡಿಮೆ ಮಾಡಿ ವಾಲುವಿಕೆ ತಿದ್ದುವ ಭಾಗ ಬರೆದಿದ್ದೀರಾ? ಎನ್-1ರ ಮೊದಲ ಹಂತದ ಎಂಜಿನ್‌ಗಳು ಹೊರಳುತ್ತಿರಲಿಲ್ಲ, ದಿಕ್ಕು ತಿದ್ದಲು ಇದ್ದ ದಾರಿ ಅದೊಂದೇ.

ಬಾನಾಡಿ:
ನಾನು ಮೂರು ಪರದೆ ಜೋಡಿಸಿ 30 ಎಂಜಿನ್‌ಗಳ ಒತ್ತಡವನ್ನೂ ಒಟ್ಟಿಗೆ ನೋಡುತ್ತೇನೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಬಾಲದ ಬೆಂಕಿ ನಿಜದಂತೆಯೇ ಕಾಣುತ್ತದೆ.

ಹಳೆಗಗನ:
ಬೆಂಕಿಯನ್ನು ಯಾವಾಗ ಶುರು ಮಾಡಿದ್ದೀರಿ? ಮೊದಲ ಹಾರಾಟದಲ್ಲಿ ಕಂಪನಕ್ಕೆ ಕೊಳವೆ ಮುರಿದು, ಇಂಧನ ಸೋರಿ, ತಂತಿಗಳು ಸುಟ್ಟ ಮೇಲೆ ಕೋರ್ಡ್ ಎಲ್ಲವನ್ನೂ ಆರಿಸಿದ್ದು. ಆ ಅನುಕ್ರಮ ನಿಮ್ಮಲ್ಲಿದೆಯೇ?

ಬಾನಾಡಿ:
ಇದೆ. ಬೇರೆ ಚರ್ಚೆ ತೆರೆದು ಚಿತ್ರಗಳನ್ನು ಹಾಕುತ್ತೇನೆ.

ಶೂನ್ಯಗುರುತ್ವ:
ತಾರಾಪಥಿಕ ಅವರೇ, 11 ಮತ್ತು 23 ಹಾಕಿ ನೋಡಿದಿರಾ?