ಗದಗದಲ್ಲಿ 2 ಮೀಟರ್ ರಿಪೀಟರ್: ಸಣ್ಣ ಡ್ಯುಪ್ಲೆಕ್ಸರ್ ಸಾಕಾ, ದೊಡ್ಡ ಕ್ಯಾವಿಟಿನೇ ಬೇಕಾ?

ಬೆಟಗೇರಿ ಹ್ಯಾಮ್:

ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನಾವು ಐದು ಜನ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು) ಸೇರಿ 2 ಮೀಟರ್ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಸ್ ಆಸುಪಾಸು) ಒಂದು ರಿಪೀಟರ್, ಅಂದರೆ ಸಣ್ಣ ಸೆಟ್‌ಗಳ ಸಿಗ್ನಲ್ ಕೇಳಿ ಅದೇ ಹೊತ್ತಿಗೆ ಮತ್ತೆ ಜೋರಾಗಿ ಕಳಿಸುವ ಸ್ಟೇಷನ್, ನಿಲ್ಲಿಸಬೇಕು ಅಂತ ಹೊರಟಿದ್ದೇವೆ. ರೇಡಿಯೊ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ಡಬ್ಲ್ಯೂಪಿಸಿಗೆ ಅರ್ಜಿ ಹಾಕಿ ಆಯಿತು. ಊರ ಹೊರಗೆ ಪರಿಚಯದವರ ಕಟ್ಟಡದ ತಾರಸಿ ಸಿಕ್ಕಿದೆ. ಅಲ್ಲಿ 12 ಮೀಟರ್ ಕಂಬ, ಪಕ್ಕದಲ್ಲೇ ತಗಡಿನ ಕೋಣೆ. ಎರಡು ಹಳೇ ಮೊಬೈಲ್ ಸೆಟ್ (ವಾಹನದಲ್ಲಿ ಹಾಕುವ ರೇಡಿಯೊ) ಇವೆ, 25 ವ್ಯಾಟ್‌ನಲ್ಲಿ ಓಡಿಸೋಣ ಅಂತ.

ಈಗ ನಿಂತಿರೋದು ಡ್ಯುಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಕೊಡೋದು, ಕೇಳೋದು ಎರಡೂ ಒಟ್ಟಿಗೆ ಆಗುವಂತೆ ಮಾಡುವ ಫಿಲ್ಟರ್) ಹತ್ತಿರ. ಆನ್‌ಲೈನಿನಲ್ಲಿ ಆರು ಕ್ಯಾವಿಟಿಯ (ಟ್ಯೂನ್ ಮಾಡುವ ಟೊಳ್ಳು ಲೋಹದ ಫಿಲ್ಟರ್) ಸಣ್ಣ ಡಬ್ಬಿ ನೋಡಿದೆ, ಊಟದ ಡಬ್ಬಿಯಷ್ಟೇ ಇದೆ. 50 ವ್ಯಾಟ್, 75 ಡಿಬಿ ಐಸೊಲೇಶನ್ (ಒಂದು ಕಡೆಯದು ಇನ್ನೊಂದು ಕಡೆ ಸೋರದಂತೆ ತಡೆ) ಅಂತ ಬರೆದಿದ್ದಾರೆ, ಬೆಲೆನೂ ನಮ್ಮ ಕೈಗೆ ಎಟಕುತ್ತದೆ. ನಮ್ಮದು 600 ಕಿಲೋಹರ್ಟ್ಸ್ ಶಿಫ್ಟ್, ಅಂದರೆ ಕೊಡುವ ಮತ್ತು ಕೇಳುವ ಫ್ರೀಕ್ವೆನ್ಸಿ ನಡುವಿನ ಅಂತರ. ಇದು ನಡೆಯುತ್ತಾ? ಅಥವಾ ಕಂಬದ ಮೇಲೊಂದು, ಕೆಳಗೊಂದು ಆಂಟೆನಾ ಹಾಕಿ ಡ್ಯುಪ್ಲೆಕ್ಸರ್ ಇಲ್ಲದೇ ಮಾಡಬಹುದಾ?

ಉಣಕಲ್ ದಂಡೆ:

ದಯವಿಟ್ಟು ಅದನ್ನು ತಗೋಬೇಡಿ. ಆ 75 ಡಿಬಿ ಎಷ್ಟು ಅಂತರಕ್ಕೆ ಅಂತ ಕೇಳಿ ನೋಡಿ. ಇಂಥ ಸಣ್ಣ ನಾಚ್ (ಒಂದು ಫ್ರೀಕ್ವೆನ್ಸಿಯನ್ನಷ್ಟೇ ಕತ್ತರಿಸುವ) ಡಬ್ಬಿಗಳನ್ನು ಸಾಮಾನ್ಯವಾಗಿ ಕೊಡುವ ಮತ್ತು ಕೇಳುವ ಫ್ರೀಕ್ವೆನ್ಸಿ ನಡುವೆ 5 ಮೆಗಾಹರ್ಟ್ಸ್ ಇರುವ ಕಡೆ ಬಳಸಲು ಮಾಡಿರುತ್ತಾರೆ. ನಿಮ್ಮ ಅಂತರ 0.6 ಮಾತ್ರ. 145 ಮೆಗಾಹರ್ಟ್ಸ್‌ಗೆ ಅದು ಶೇಕಡಾ ಅರ್ಧ ಕೂಡ ಆಗಲ್ಲ. ಅಷ್ಟು ಹತ್ತಿರ ತಂದರೆ ನಾಚ್ ಆಳ ಉಳಿಯೋದಿಲ್ಲ, ಒತ್ತಾಯದಿಂದ ಟ್ಯೂನ್ ಮಾಡಿದರೆ ನಿಮ್ಮ ಸಿಗ್ನಲನ್ನೇ ನುಂಗುತ್ತದೆ. ವ್ಯಾಟ್ ನೋಡಿ ಡ್ಯುಪ್ಲೆಕ್ಸರ್ ಆರಿಸಬಾರದು, ಅಂತರ ನೋಡಿ ಆರಿಸಬೇಕು.

ಯಾಕೆ ಇಷ್ಟು ಕಷ್ಟ ಅಂದರೆ ಕೆಲಸ ಎರಡಿವೆ. ಒಂದು, 25 ವ್ಯಾಟ್ ಕ್ಯಾರಿಯರ್ ಹೋಗಿ ರಿಸೀವರನ್ನು ಕಿವುಡು ಮಾಡಬಾರದು. ಇದನ್ನು ರಿಸೀವರ್ ಕಡೆಯ ಕ್ಯಾವಿಟಿ ತಡೆಯುತ್ತದೆ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಟ್ರಾನ್ಸ್‌ಮಿಟರ್ ತನ್ನ ಫ್ರೀಕ್ವೆನ್ಸಿ ಮೇಲೆ ಮಾತ್ರ ಇರಲ್ಲ, ಅಕ್ಕಪಕ್ಕ ಸಣ್ಣಗೆ ನಾಯ್ಸ್ ಚೆಲ್ಲುತ್ತಾ ಇರುತ್ತದೆ. ಅದು ನೇರ ನಿಮ್ಮ ರಿಸೀವ್ ಫ್ರೀಕ್ವೆನ್ಸಿ ಮೇಲೇ ಬಂದು ಬೀಳುತ್ತದೆ, ಹಾಗಾಗಿ ರಿಸೀವರ್ ಕಡೆ ಎಂಥಾ ಫಿಲ್ಟರ್ ಹಾಕಿದರೂ ಹೋಗಲ್ಲ. ಅದನ್ನು ಟ್ರಾನ್ಸ್‌ಮಿಟರ್ ಬಾಯಲ್ಲೇ ಕಟ್ಟಬೇಕು. 25 ವ್ಯಾಟ್‌ಗೆ ಎರಡೂ ಕಡೆ 80 ಡಿಬಿ ಮೇಲೆ ಇದ್ದರೆ ನೆಮ್ಮದಿ. ಅದಕ್ಕೆ ಬ್ಯಾಂಡ್‌ಪಾಸ್–ಬ್ಯಾಂಡ್‌ರಿಜೆಕ್ಟ್ ಮಾದರಿಯ (ಬೇಕಾದ ಫ್ರೀಕ್ವೆನ್ಸಿ ಹಾಯಿಸಿ ಬೇಡದ್ದನ್ನು ತಡೆಯುವ) ದೊಡ್ಡ ಕ್ಯಾವಿಟಿ ಬೇಕು. ಕಾಲು ತರಂಗ ಅಂದರೇ ಸುಮಾರು 52 ಸೆಂಟಿಮೀಟರ್ ಎತ್ತರ. ಒಟ್ಟು ಆರು ಇದ್ದರೆ ಒಳ್ಳೇದು, ನಾಲ್ಕಕ್ಕಿಂತ ಕಡಿಮೆ ಬೇಡ.

ಆಂಟೆನಾ ಬೇರೆ ಮಾಡಿದರೆ? ಮೇಲೆ ಕೆಳಗೆ 9 ಮೀಟರ್ ಅಂತರ ಸಿಕ್ಕರೆ 50 ಡಿಬಿ ಆಸುಪಾಸು ಬರುತ್ತದೆ. 80 ಬೇಕು ಅಂದರೆ 40 ಮೀಟರ್ ಅಂತರ ಕೇಳುತ್ತದೆ. ನಿಮ್ಮ ಕಂಬಕ್ಕೆ ಅದು ಆಗದ ಮಾತು.

ಸಾಧನಕೇರಿ:

ಮೇಲಿನವರು ಹೇಳಿದ್ದು ಸರಿ. ನಾನು ಅದೇ ಥರದ ಡಬ್ಬಿ ತರಿಸಿ ಪೆಟ್ಟು ತಿಂದವನು, ಅದೂ 70 ಸೆಂಟಿಮೀಟರ್ ಬ್ಯಾಂಡಿಗೆ. 5 ಮೆಗಾಹರ್ಟ್ಸ್‌ಗೆ ಪಕ್ಕಾ ಅಂತ ಮಾರಿದವರು ಹೇಳಿದರು, ಅದು ಸುಳ್ಳೂ ಅಲ್ಲ. ಆದರೆ ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಆ ಬ್ಯಾಂಡಿನಲ್ಲಿ ಸಿಗೋದು 434ರಿಂದ 438, ಅಂದರೆ ಬರೀ 4 ಮೆಗಾಹರ್ಟ್ಸ್. 5ರ ಅಂತರ ಅದರೊಳಗೆ ಕೂರೋದೇ ಇಲ್ಲ ಅಲ್ವಾ! ಹೊರದೇಶದವರ ವಿಡಿಯೊ ನೋಡಿ ತಗೊಳ್ಳುವವರು ಇದನ್ನೊಂದು ನೆನಪಿಡಿ.

ಆದರೂ ಒಂದು ಮಾತು. ಅರ್ಜಿ ಬದಲಿಸೋಕೆ ಆಗುತ್ತೆ ಅಂದರೆ 70 ಸೆಂಟಿಮೀಟರ್ ಬಗ್ಗೆ ಯೋಚಿಸಿ. ಅಲ್ಲಿ ಕ್ಯಾವಿಟಿ ಮೂರನೇ ಒಂದು ಪಾಲು, 17 ಸೆಂಟಿಮೀಟರ್. ಎರಡು–ಮೂರು ಮೆಗಾಹರ್ಟ್ಸ್ ಅಂತರಕ್ಕೆ ಅಂತಲೇ ಮಾಡಿದ ಕ್ಯಾವಿಟಿ ಸಿಕ್ಕರೆ ಕೆಲಸ ಹಗುರ. ಹಳ್ಳಿ ಕಡೆ ದೂರ ಮುಟ್ಟಬೇಕು ಅಂದರೆ ಮಾತ್ರ 2 ಮೀಟರೇ ಸರಿ.

ಬೆಟಗೇರಿ ಹ್ಯಾಮ್:

ನಮ್ಮ ಹುಡುಗರ ಹತ್ತಿರ ಇರೋ ಹ್ಯಾಂಡಿಗಳೆಲ್ಲ (ಕೈಯಲ್ಲಿ ಹಿಡಿಯುವ ಸೆಟ್) 2 ಮೀಟರ್‌ನವೇ, ಅದನ್ನು ಬಿಡೋಕೆ ಆಗಲ್ಲ. ಹಾಗಾದರೆ ಇಲ್ಲೇ ಲೇತ್‌ನವರ ಹತ್ತಿರ ಮಾಡಿಸಿದರೆ ಹೇಗೆ? ತಾಮ್ರದ ಪೈಪು ಸಿಗುತ್ತದೆ, ಹಿತ್ತಾಳೆ ಕೆಲಸ ಚೆನ್ನಾಗಿ ಮಾಡ್ತಾರೆ.

ರಾಣೇಬೆನ್ನೂರು ಕ್ಯಾವಿಟಿ:

ಮಾಡಿಸಿ, ಧೈರ್ಯವಾಗಿ ಮಾಡಿಸಿ. ನಾನು ಎರಡು ಮಾಡಿಸಿದ್ದೇನೆ. ಆದರೆ ಮಧ್ಯದ ಟ್ಯೂನಿಂಗ್ ಕಡ್ಡಿ ಮಾತ್ರ ಇನ್ವಾರ್‌ದು ಹಾಕಿ. ಅದು ಶೇಕಡಾ 36 ನಿಕಲ್ ಇರುವ ಕಬ್ಬಿಣ, ಬಿಸಿಲಿಗೆ ಹಿಗ್ಗೋದು ತೀರಾ ಕಡಿಮೆ. ಪೂರ್ತಿ ತಾಮ್ರದಲ್ಲೇ ಮಾಡಿದರೆ 25 ಡಿಗ್ರಿ ಏರಿದಾಗ ಟ್ಯೂನಿಂಗ್ ಸುಮಾರು 60 ಕಿಲೋಹರ್ಟ್ಸ್ ಜಾರುತ್ತದೆ. ನಿಮ್ಮದು ತಗಡಿನ ಕೋಣೆ, ಏಪ್ರಿಲ್ ಮಧ್ಯಾಹ್ನ ಒಳಗೆ ಕೈ ಇಡೋಕೂ ಆಗಲ್ಲ. ಬೆಳಗ್ಗೆ ಚೆನ್ನಾಗಿ ಕೇಳಿ ಮಧ್ಯಾಹ್ನ ಕಿವುಡಾಗುವ ರಿಪೀಟರ್ ಆಗುತ್ತದೆ. ಆಗುವುದಾದರೆ ಕೆಳಗಿನ ಮಹಡಿಯ ಮೆಟ್ಟಿಲ ಹತ್ತಿರ ಎಲ್ಲಾದರೂ ಇಡಿ.

ನನ್ನ ಸಲಹೆ ಹೀಗಿದೆ. ಮೊದಲು ಎರಡೇ ಕ್ಯಾವಿಟಿ ಮಾಡಿಸಿ, ಟ್ರಾನ್ಸ್‌ಮಿಟರ್‌ಗೆ ಒಂದು, ರಿಸೀವರ್‌ಗೆ ಒಂದು. ಜೊತೆಗೆ ಕಂಬದ ತುದಿಗೆ ಒಂದು ಆಂಟೆನಾ, ಬುಡಕ್ಕೆ ಒಂದು. ಆಂಟೆನಾ ಅಂತರದಿಂದ 50, ಕ್ಯಾವಿಟಿಯಿಂದ 25–30, ಅಲ್ಲಿಗೆ 80ರ ಹತ್ತಿರ ಬಂದಿರಿ. ಕೆಳಗಿನ ಆಂಟೆನಾಕ್ಕೆ ಸ್ವಲ್ಪ ದೂರ ಕಡಿಮೆ, ಅಷ್ಟೇ. ದುಡ್ಡು ಬಂದ ಮೇಲೆ ಇನ್ನೂ ನಾಲ್ಕು ಸೇರಿಸಿ ಒಂದೇ ಆಂಟೆನಾಕ್ಕೆ ಬನ್ನಿ.

ಟ್ಯೂನಿಂಗ್ ನ್ಯಾನೊವಿಎನ್ಎಯಲ್ಲೇ (ಫಿಲ್ಟರ್, ಆಂಟೆನಾ ಅಳೆಯುವ ಸಣ್ಣ ಉಪಕರಣ) ಆಗುತ್ತದೆ, ಒಂದೊಂದೇ ಕ್ಯಾವಿಟಿ ಹಚ್ಚಿ ನೋಡಿ. ಪೂರ್ತಿ ಸೆಟ್ಟಿನ 80–90 ಡಿಬಿ ಆಳ ಅದಕ್ಕೆ ಕಾಣಿಸಲ್ಲ, ತೋರಿಸಿದ್ದನ್ನು ನಂಬಬೇಡಿ. ಕಡ್ಡಿಯನ್ನು ಉಗುರಿನಷ್ಟು ತಿರುಗಿಸಿದರೂ ಗೆರೆ ಪರದೆ ಮೇಲೆ ಸರಕ್ಕನೆ ಸರಿಯುತ್ತದೆ. ಲಾಕ್ ನಟ್ ಬಿಗಿ ಮಾಡುವಾಗ ಮತ್ತೆ ಒಂಚೂರು ಓಡುತ್ತದೆ, ಅದಕ್ಕೇ ಬಿಗಿ ಮಾಡಿ ಆದ ಮೇಲೆ ಇನ್ನೊಮ್ಮೆ ನೋಡಿ.

ಉಣಕಲ್ ದಂಡೆ:

ಕೇಬಲ್ ಮರೆಯಬೇಡಿ. ಕ್ಯಾವಿಟಿಗಳ ನಡುವೆ ಆರ್‌ಜಿ–58 ಹಾಕಿದರೆ ಜಾಲರಿಯಿಂದಲೇ ಸೋರುತ್ತದೆ, ದೊಡ್ಡ ಕ್ಯಾವಿಟಿ ಮಾಡಿಸಿದ್ದೂ ವ್ಯರ್ಥ. ಎರಡು ಜಾಲರಿಯ ಆರ್‌ಜಿ–400 ಅಥವಾ ಆರ್‌ಜಿ–214, ಜೊತೆಗೆ ಎನ್ ಕನೆಕ್ಟರ್. ಫಾಯಿಲ್ ಮತ್ತು ಜಾಲರಿ ಬೇರೆ ಬೇರೆ ಲೋಹ ಇರುವ ಎಲ್‌ಎಮ್‌ಆರ್–400 ಥರದ್ದು ರಿಪೀಟರ್‌ಗೆ ಬೇಡ, ಅಲುಗಾಡಿದರೆ ಕರಕರ ಅನ್ನುತ್ತದೆ.

ನಿಲ್ಲಿಸಿದ ದಿನ ಹೀಗೆ ಪರೀಕ್ಷೆ ಮಾಡಿ. ಒಬ್ಬರು ದೂರ ಹೋಗಿ ಹ್ಯಾಂಡಿಯಿಂದ ಅರೆಬರೆ ಕೇಳುವಷ್ಟು ಸಣ್ಣ ಸಿಗ್ನಲ್ ಕೊಡಲಿ. ರಿಸೀವರ್ ಸ್ಪೀಕರ್ ಹತ್ತಿರ ಕೂತವರು ಟ್ರಾನ್ಸ್‌ಮಿಟರ್ ಆಫ್ ಮಾಡಿ ಕೇಳಲಿ, ಆನ್ ಮಾಡಿ ಕೇಳಲಿ. ಎರಡೂ ಸಲ ಒಂದೇ ಥರ ಕೇಳಿದರೆ ಗೆದ್ದಿರಿ. ಆನ್ ಆದಾಗ ಶೂ... ಅಂತ ಜಾಸ್ತಿ ಆದರೆ ಟ್ರಾನ್ಸ್‌ಮಿಟರ್ ಕಡೆಯ ಆಂಟೆನಾ ಬಿಚ್ಚಿ ಡಮ್ಮಿ ಲೋಡ್ (ಆಂಟೆನಾ ಬದಲು ಸಿಗ್ನಲನ್ನು ಹೊರಬಿಡದೇ ಹೀರುವ ರೆಸಿಸ್ಟರ್) ಹಾಕಿ. ಆಗ ಶಬ್ದ ಹೋದರೆ ಕಂಬದ ಮೇಲೆ ಹುಡುಕಿ: ಆಂಟೆನಾ ಅಂತರ ಸಾಲದೇ ಇರಬಹುದು, ಇಲ್ಲವೇ ಎಲ್ಲೋ ತುಕ್ಕು ಹಿಡಿದ ಕ್ಲ್ಯಾಂಪ್ ಇರಬಹುದು. ಹೋಗದಿದ್ದರೆ ಕ್ಯಾವಿಟಿ, ಕೇಬಲ್ ನೋಡಿ.

ಬೆಟಗೇರಿ ಹ್ಯಾಮ್:

ಆ ಡಬ್ಬಿ ಆರ್ಡರ್ ಮಾಡೋಕೆ ಎಲ್ಲರೂ ದುಡ್ಡು ಕೂಡಿಸಿ ಆಗಿತ್ತು, ನಿಲ್ಲಿಸಿದೆ. ಇನ್ವಾರ್ ಕಡ್ಡಿ ಎಷ್ಟು ದಪ್ಪದ್ದು ಹಾಕಿದಿರಿ ಸರ್? ಲೇತ್‌ನವರಿಗೆ ನಾಳೆ ನಕ್ಷೆ ಕೊಡಬೇಕು.