ರಜೆಗೂ ರಜೆಗೂ ನಡುವೆ ಸಿಕ್ಕಿಕೊಂಡ ಸೋಮವಾರಕ್ಕೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಮೆಲ್ಬರ್ನಿನಲ್ಲಿ ನವೆಂಬರ್‌ನ ಮೊದಲ ಮಂಗಳವಾರ ಕುದುರೆ ರೇಸಿಗೆ ಸರ್ಕಾರಿ ರಜೆ. ಫ್ಲೆಮಿಂಗ್ಟನ್ ರೇಸ್‌ಕೋರ್ಸಿನಲ್ಲಿ 1861ರಲ್ಲಿ ಶುರುವಾದ ಮೆಲ್ಬರ್ನ್ ಕಪ್ ಅದು. 3,200 ಮೀಟರ್ ಓಟ ನಾಲ್ಕು ನಿಮಿಷವೂ ಹಿಡಿಯುವುದಿಲ್ಲ, ರಜೆ ಮಾತ್ರ ಇಡೀ ದಿನ. ನಮ್ಮ ಮನೆಯಲ್ಲಿ ಇದಕ್ಕೆ ‘ಕುದುರೆ ರಜೆ’ ಅಂತಲೇ ಹೆಸರು. ನನಗೆ ಬೇಕಿರುವುದು ಅದರ ಹಿಂದಿನ ಸೋಮವಾರಕ್ಕೊಂದು ಹೆಸರು.

ಶನಿವಾರ, ಭಾನುವಾರ ಬಿಡುವು. ಮಂಗಳವಾರ ರಜೆ. ಸೋಮವಾರ ಒಂದಿನ ರಜೆ ಹಾಕಿದರೆ ನಾಲ್ಕು ದಿನ ಒಟ್ಟಿಗೆ ಸಿಗುತ್ತದೆ, ಹಾಗಾಗಿ ತುಂಬಾ ಜನ ಹಾಕುತ್ತಾರೆ. ಎಷ್ಟೋ ಶಾಲೆಗಳೂ ಅಂದು ಮಕ್ಕಳಿಗೆ ರಜೆ ಬಿಡುತ್ತವೆ. ಉಳಿದವರು ಕೆಲಸಕ್ಕೆ ಹೋಗುತ್ತಾರೆ. ಅವರ ಬಗ್ಗೆ ನಮ್ಮ ಕನ್ನಡ ಬಳಗದ ಪತ್ರಿಕೆಗೆ ಬರೆಯುತ್ತಿದ್ದೇನೆ. ಸರಿಯಾದ ಪದ ಸಿಗುತ್ತಿಲ್ಲ.

ಮೊದಲು ಹೊಳೆದದ್ದು ‘ಮುನ್ನಾದಿನ’. ಆದರೆ ಅದು ಸಾಲದು. ಇದೇ ಊರಲ್ಲಿ 2015ರಿಂದ ಫುಟ್‌ಬಾಲ್ ಫೈನಲ್‌ಗೂ ರಜೆ ಇದೆ, ಪಂದ್ಯದ ಹಿಂದಿನ ಶುಕ್ರವಾರ. ಅದು ಶನಿವಾರಕ್ಕೆ ತಾನೇ ಅಂಟಿಕೊಂಡಿರುತ್ತದೆ. ಆ ಗುರುವಾರ ಬರೀ ಮುನ್ನಾದಿನ, ಮಾಮೂಲಿ ಕೆಲಸದ ದಿನ. ಕಪ್‌ನ ಸೋಮವಾರಕ್ಕೆ ಹಿಂದೆಯೂ ಬಿಡುವು, ಮುಂದೆಯೂ ರಜೆ. ಈ ಎರಡು ಕಡೆಯ ಒತ್ತು ‘ಮುನ್ನಾದಿನ’ದಲ್ಲಿ ಕೇಳಿಸುವುದಿಲ್ಲ.

‘ಎಡೆದಿನ’ ಅಂದರೆ? ಎಡೆ ಅಂದರೆ ನಡುವಿನ ಜಾಗ, ಅರ್ಥ ಸರಿಯಾಗಿದೆ. ಆದರೆ ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ‘ಎಡೆ ಇಡು’ವುದು ಎಲ್ಲರ ಕಿವಿಯಲ್ಲೂ ಇದೆ. ಎಡೆದಿನ ಅಂದರೆ ಯಾರ ಮನೆಯಲ್ಲಿ ಅಂತ ಕೇಳುತ್ತಾರೆ! ‘ನಡುದಿನ’ ಚೆನ್ನಾಗಿದೆ, ಆದರೆ ನಡುಹಗಲು, ನಡುರಾತ್ರಿ ರೂಢಿಯಲ್ಲಿರುವುದರಿಂದ ಮಧ್ಯಾಹ್ನದ ಹೊತ್ತು ಅಂದುಕೊಳ್ಳಬಹುದು. ಜರ್ಮನ್ನರು ಇಂಥ ದಿನವನ್ನು ಸೇತುವೆ ದಿನ ಅನ್ನುತ್ತಾರೆ. ಕನ್ನಡದಲ್ಲಿ ಹಾಗಂದರೆ ಯಾವ ಸೇತುವೆ ಉದ್ಘಾಟನೆ ಅನ್ನುವ ಹಾಗಾಗುತ್ತದೆ.

ಬೆಂಗಳೂರಿನ ಆಫೀಸುಗಳಲ್ಲಿ ‘ಸ್ಯಾಂಡ್‌ವಿಚ್ ರಜೆ’ ಅನ್ನುವುದುಂಟು. ಅದು ಸಾಮಾನ್ಯವಾಗಿ ಉಲ್ಟಾ ಲೆಕ್ಕ. ಶುಕ್ರವಾರವೂ ಸೋಮವಾರವೂ ರಜೆ ಹಾಕಿದರೆ ನಡುವಿನ ಶನಿವಾರ, ಭಾನುವಾರವನ್ನೂ ನಮ್ಮ ರಜೆಯಲ್ಲೇ ಕಳೆಯುವ ನಿಯಮ. ನನಗೆ ಬೇಕಿರುವುದು ರಜೆಗಳ ನಡುವೆ ಸಿಕ್ಕಿಕೊಂಡ ಕೆಲಸದ ದಿನ.

ನಮ್ಮ ಪೇಪರಿನವರು ‘ಸಾಲು ರಜೆ’ ಅನ್ನುತ್ತಾರಲ್ಲ, ಅದು ನನಗೆ ತುಂಬಾ ಇಷ್ಟ. ಎಲ್ಲರಿಗೂ ಅರ್ಥವಾಗುತ್ತದೆ. ಆ ಸಾಲನ್ನು ತುಂಡು ಮಾಡುವ ದಿನ ಈ ಸೋಮವಾರ. ಸದ್ಯಕ್ಕೆ ವಾರದ ಹೆಸರನ್ನೇ ಇಟ್ಟುಕೊಂಡು ‘ನಡುವಿನ ಸೋಮವಾರ’ ಅಂತ ಬರೆದಿದ್ದೇನೆ. ಗುರುವಾರ ಹಬ್ಬ ಬಂದರೆ ‘ನಡುವಿನ ಶುಕ್ರವಾರ’ ಅನ್ನಬಹುದು. 2022ರಲ್ಲಿ ಕಪ್ ಬಂದದ್ದು ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನವೇ. ಆಗ ಕರ್ನಾಟಕದಲ್ಲೂ ಇಲ್ಲೂ ಒಂದೇ ನಡುವಿನ ಸೋಮವಾರ ಇತ್ತು, ಅಲ್ವಾ?

ಇನ್ನೊಂದು ಸಣ್ಣ ಗೊಂದಲ. ನಾವು ರಜೆ ‘ಹಾಕು’ತ್ತೇವೆ, ಸರ್ಕಾರ ‘ಕೊಡು’ತ್ತದೆ, ಶಾಲೆ ‘ಬಿಡು’ತ್ತದೆ. ಎಲ್ಲರೂ ರಜೆ ಹಾಕಿದಾಗ ಹಾಕದೆ ಕೆಲಸಕ್ಕೆ ಬಂದವರಿಗೆ ಹೀಗೇ ಒಂದು ಕ್ರಿಯಾಪದ ಇದೆಯೇ? ‘ಉಳಿದುಕೊಂಡರು’ ಅಂದರೆ ಹಿಂದೆ ಉಳಿದುಬಿಟ್ಟವರಂತೆ ಕೇಳಿಸುತ್ತದೆ. ಅಂದು ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ನಿಂತು ದುಡಿದವರಿಗೆ ಅದು ಸಲ್ಲುವ ಮಾತಲ್ಲ.

ಧಾರವಾಡದ ಕಡೆ ರಜೆಗೆ ‘ಸೂಟಿ’ ಅನ್ನುತ್ತೀರಿ. ಎರಡು ಸೂಟಿಗಳ ನಡುವಿನ ದಿನಕ್ಕೆ ಏನನ್ನುತ್ತೀರಿ? ಕೊಡಗಿನಲ್ಲಿ ಕೈಲ್ ಮುಹೂರ್ತ, ಹುತ್ತರಿಗೆ ಜಿಲ್ಲೆಗಷ್ಟೇ ಸ್ಥಳೀಯ ರಜೆ ಕೊಡುತ್ತಾರೆ. ಅಲ್ಲಿನವರ ಬಾಯಲ್ಲಿ ಇಂಥದಕ್ಕೆ ಮಾತಿರಬಹುದು. ಬಸ್ ಡಿಪೊ, ಬ್ಯಾಂಕು, ಕಾರ್ಖಾನೆಯಲ್ಲಿ ದುಡಿದವರೂ ಹೇಳಿ. ಪದದ ಜೊತೆ ಅದನ್ನು ಬಳಸುವ ಒಂದು ವಾಕ್ಯವನ್ನೂ ದಯವಿಟ್ಟು ಬರೆಯಿರಿ.